ಅಪ್‌ಡೇಟ್: ಎಟಿಆರ್‌ನಿಂದ ಎ320ಗೆ, ಸಿಮ್ಯುಲೇಟರ್ ಚೆಕ್ ಪಾಸ್

ಪೈಲಟ್ ಆಗಿ ಎಟಿಆರ್ 72 (ಪ್ರೊಪೆಲ್ಲರ್ ವಿಮಾನ) ಬಿಟ್ಟು ಏರ್‌ಬಸ್ ಎ320 ಜೆಟ್‌ಗೆ ಹೋಗೋಕೆ ಮಡಿಕೇರಿ ಮನೇಲೇ ಓದೋದು ಹೇಗೆ, ಕಕ್ಕಡ ತಿಂಗಳ ಮಳೆಗೆ ಕರೆಂಟೂ ಇಲ್ಲ ನೆಟ್ಟೂ ಇಲ್ಲ ಅಂತ ಇಲ್ಲಿ ಕೇಳಿದ್ದೆನಲ್ಲ. ಪಾಸಾಯ್ತು.

ಬಂದ ಸಲಹೆಗಳಲ್ಲಿ ಕೈ ಹಿಡಿದಿದ್ದು ಕಾಕ್‌ಪಿಟ್ ಪೋಸ್ಟರ್ ಅಂಟಿಸಿ ಅಂತ ಉತ್ತರಿಸಿದ ಅಕ್ಕನ ಮಾತು. ನಿಜವಾದ ಅಳತೆಗೇ ಪ್ರಿಂಟ್ ಹಾಕಿಸಿ, ಕುರ್ಚಿಯಲ್ಲಿ ಕೂತು, ಒಂದೊಂದು ಸ್ವಿಚ್ಚನ್ನೂ ಬೆರಳಲ್ಲಿ ಮುಟ್ಟಿ ಬಾಯ್ಬಿಟ್ಟು ಹೇಳಬೇಕು. ಉದಾಹರಣೆಗೆ, ಇಳಿದ ಮೇಲೆ ಬ್ರೇಕ್ ಹೋದರೆ: ರಿವರ್ಸ್ (ಇಂಜಿನ್ನಿನ ಹಿಮ್ಮುಖ ನೂಕು) ಮ್ಯಾಕ್ಸ್, ಬ್ರೇಕ್ ಪೆಡಲ್ ಬಿಡು, ಆಂಟಿ-ಸ್ಕಿಡ್ (ಚಕ್ರ ಲಾಕಾಗದಂತೆ ತಡೆಯೋ ವ್ಯವಸ್ಥೆ) ಆಫ್, ಮತ್ತೆ ಪೆಡಲ್ ಒತ್ತು, ಬ್ರೇಕ್ ಒತ್ತಡ 1000 ಪಿಎಸ್‌ಐ ದಾಟಬಾರದು. ಎಲ್ಲರೂ ಎಡವೋದು ಪೆಡಲ್ ಬಿಡೋದರಲ್ಲಿ. ಒತ್ತಿಕೊಂಡೇ ಆಫ್ ಮಾಡಿದರೆ ಚಕ್ರ ಲಾಕಾಗಿ ಟೈರ್ ಸಿಡಿಯಬಹುದು.

ಕಂಪ್ಯೂಟರ್ ಗೇಮಲ್ಲಿ ವಿಮಾನ ಹಾರಿಸಿ ಕಲೀರಿ ಅನ್ನೋ ಸಲಹೆ ದಂಡ. ಅಗ್ಗದ ಜಾಯ್‌ಸ್ಟಿಕ್ಕಿಂದ ಕೈಗೆ ಕೆಟ್ಟ ಚಾಳಿ ಅಷ್ಟೇ.

ಗೊತ್ತಿರದೇ ಇದ್ದಿದ್ದು: ಎಟಿಆರ್‌ನಲ್ಲಿ ಇಬ್ಬರು ಪೈಲಟ್‌ಗಳ ಕಂಟ್ರೋಲೂ ಒಟ್ಟಿಗೇ ಅಲ್ಲಾಡುತ್ತೆ. ಎ320ಯಲ್ಲಿ ಸೈಡ್‌ಸ್ಟಿಕ್ಕುಗಳಿಗೆ (ಪಕ್ಕದಲ್ಲಿರೋ ಚಿಕ್ಕ ಕಂಟ್ರೋಲ್ ಕೋಲು) ಆ ನಂಟೇ ಇಲ್ಲ. ಇಬ್ಬರೂ ಎಳೆದರೆ ಎರಡೂ ಕೂಡಿ ಲೆಕ್ಕಕ್ಕೆ ಬರುತ್ತೆ, ‘ಡ್ಯುಯಲ್ ಇನ್‌ಪುಟ್’ ಅಂತ ಕೂಗುತ್ತೆ. ಆಟೋಥ್ರಸ್ಟ್ (ಇಂಜಿನ್ ಶಕ್ತಿಯನ್ನ ತಾನೇ ಹೊಂದಿಸೋ ವ್ಯವಸ್ಥೆ) ಇದ್ದಾಗ ಇಂಜಿನ್ ಶಕ್ತಿ ಏರಿಳಿದರೂ ಥ್ರಸ್ಟ್ ಲಿವರ್ ಅಲ್ಲಾಡಲ್ಲ, ಹಾಗಾಗಿ ಕಣ್ಣು ಎನ್1 (ಇಂಜಿನ್ ಫ್ಯಾನಿನ ವೇಗ) ಮೇಲೇ ಇರಲಿ. ಇಳಿಯುವಾಗ 30 ಅಡಿಯಿಂದ ವಿಮಾನ ತಾನೇ ಮೂತಿ ತಗ್ಗಿಸೋಕೆ ನೋಡುತ್ತೆ. ಸ್ಟಿಕ್ಕನ್ನ ಮೆಲ್ಲಗೆ ಹಿಂದಕ್ಕೆಳೆದು ಹಿಡೀರಿ.