ರೋಗ ಹಬ್ಬಿದಾಗ ವಿಮಾನ ಕಂಪನಿಗಳೇ ಮೊದಲು ಯಾಕೆ ಮುಗ್ಗರಿಸುತ್ತವೆ? (ಪ್ರಶ್ನೋತ್ತರ)

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಎಲ್ಲೋ ಒಂದು ಕಡೆ ಸಾಂಕ್ರಾಮಿಕ ರೋಗ ಕಾಣಿಸಿಕೊಂಡರೆ ಸಾಕು, ಕೆಲವೇ ವಾರಗಳಲ್ಲಿ ವಿಮಾನ ಕಂಪನಿಗಳು ಸರ್ಕಾರದ ಮುಂದೆ ಕೈಚಾಚಿ ನಿಲ್ಲುತ್ತವೆ. ವಿಮಾನ ಹಾರದಿದ್ದರೆ ಇಂಧನದ ದುಡ್ಡೂ ಉಳಿಯುತ್ತದಲ್ಲ? ಇಷ್ಟು ಬೇಗ ಕೈ ಖಾಲಿಯಾಗುವುದು ಹೇಗೆ? ಈ ಲೆಕ್ಕ ಬಲ್ಲವರು ಬಿಡಿಸಿ ಹೇಳಿ.

ಉತ್ತರ (ಏರ್‌ಲೈನ್ ಹಣಕಾಸು): ಇಂಧನ ಉಳಿಯುತ್ತದೆ, ಆದರೆ ಸಾಮಾನ್ಯ ವರ್ಷದಲ್ಲಿ ಅದು ಒಟ್ಟು ಖರ್ಚಿನ ಕಾಲು ಭಾಗದಷ್ಟು ಮಾತ್ರ. ಲ್ಯಾಂಡಿಂಗ್ ಶುಲ್ಕ, ವಾಯುಮಾರ್ಗ ಶುಲ್ಕ, ಗ್ರೌಂಡ್ ಹ್ಯಾಂಡ್ಲಿಂಗ್ (ನಿಲ್ದಾಣದಲ್ಲಿ ವಿಮಾನಕ್ಕೆ ಮಾಡಿಸುವ ಕೆಲಸ) ಎಲ್ಲ ಸೇರಿಸಿದರೂ ಹಾರದೆ ಉಳಿಸಬಹುದಾದದ್ದು ಹೆಚ್ಚುಕಮ್ಮಿ ಅರ್ಧ. ಮಿಕ್ಕ ಅರ್ಧ, ಅಂದರೆ ಲೀಸ್ ಕಂತು, ಸಂಬಳ, ವಿಮೆ, ಸಾಲದ ಬಡ್ಡಿ, ಇವನ್ನು ವಿಮಾನ ನಿಂತಲ್ಲೇ ನಿಂತಿದ್ದರೂ ತಿಂಗಳು ತಿಂಗಳು ಕಟ್ಟಲೇಬೇಕು. ಲಾಭದ ಅಂಚಾದರೂ ದಪ್ಪಗಿದೆಯೇ ಅಂದರೆ ಅದೂ ಇಲ್ಲ. 2019ರಂಥ ಒಳ್ಳೆಯ ವರ್ಷದಲ್ಲೇ ಜಗತ್ತಿನ ಏರ್‌ಲೈನ್‌ಗಳಿಗೆ ಒಬ್ಬ ಪ್ರಯಾಣಿಕನಿಂದ ಸಿಕ್ಕ ಸರಾಸರಿ ನಿವ್ವಳ ಲಾಭ 6 ಡಾಲರ್ ಆಸುಪಾಸು.

ನಿಜವಾದ ಹೊಡೆತ ಬೀಳುವುದು ಟಿಕೆಟ್ ಹಣದಲ್ಲಿ. ಪ್ರಯಾಣಿಕರು ತಿಂಗಳುಗಟ್ಟಲೆ ಮೊದಲೇ ದುಡ್ಡು ಕಟ್ಟಿರುತ್ತಾರೆ. ಲೆಕ್ಕಪುಸ್ತಕದಲ್ಲಿ ಅದು ಆದಾಯವಲ್ಲ, ಇನ್ನೂ ತೀರಿಸಬೇಕಾದ ಬಾಕಿ. ಆದರೂ ದಿನನಿತ್ಯದ ಖರ್ಚು ನಡೆಯುವುದು ಆ ನಗದಿನಿಂದಲೇ. ರೋಗ ಹಬ್ಬಿದಾಗ ಹೊಸ ಬುಕಿಂಗ್ ನಿಲ್ಲುತ್ತದೆ, ಹಳೆಯದಕ್ಕೆ ರೀಫಂಡ್ ಶುರುವಾಗುತ್ತದೆ. ನಲ್ಲಿ ಬಂದ್, ಮೋರಿ ಮಾತ್ರ ತೆರೆದಿದೆ ಎಂಬ ಸ್ಥಿತಿ. ಇದರ ಮೇಲೆ, ಕಂಪನಿ ಮುಳುಗೀತೆಂಬ ಅನುಮಾನ ಬಂದರೆ ಕಾರ್ಡ್ ಪಾವತಿ ನಿಭಾಯಿಸುವ ಬ್ಯಾಂಕುಗಳು ಟಿಕೆಟ್ ಹಣವನ್ನು ವಿಮಾನ ಹಾರುವ ತನಕ ತಮ್ಮಲ್ಲೇ ತಡೆಹಿಡಿಯುತ್ತವೆ. 2020ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಏರ್‌ಲೈನ್‌ಗಳ 6,100 ಕೋಟಿ ಡಾಲರ್ ನಗದು ಕರಗಬಹುದು, ಅದರಲ್ಲಿ 3,500 ಕೋಟಿ ರೀಫಂಡ್ ಬಾಕಿಯೇ ಇದೆ ಎಂದು ಏರ್‌ಲೈನ್‌ಗಳ ಒಕ್ಕೂಟ ಐಯಾಟಾ ಅಂದಾಜಿಸಿತ್ತು.

ಇಂಧನ ಉಳಿಯುತ್ತದೆ ಅಂದೆನಲ್ಲ, ಅದಕ್ಕೂ ಒಂದು ಕೊಕ್ಕೆ ಇದೆ. ಬೆಲೆ ಏರಿದರೆ ಕಷ್ಟ ಎಂದು ಅನೇಕ ಕಂಪನಿಗಳು ಮುಂದಿನ ತಿಂಗಳುಗಳ ಇಂಧನದ ದರವನ್ನು ಮೊದಲೇ ಒಪ್ಪಂದ ಮಾಡಿ ಕಟ್ಟಿಹಾಕುತ್ತವೆ. 2020ರ ವಸಂತದಲ್ಲಿ ತೈಲ ಬೆಲೆ ನೆಲಕಚ್ಚಿತು, ಹಾರಾಟವೂ ನಿಂತಿತು. ಸುಡದ ಇಂಧನದ ಮೇಲೂ ಒಪ್ಪಂದದ ನಷ್ಟ ಭರಿಸಬೇಕಾಯಿತು.

ಪ್ರಶ್ನೆ: ಹಾಗಾದರೆ ಅರ್ಧ ಖಾಲಿ ವಿಮಾನಗಳನ್ನು ಹಾರಿಸುತ್ತಲೇ ಇರುತ್ತಾರಲ್ಲ ಸರ್, ಅದು ಇನ್ನೂ ನಷ್ಟವಲ್ಲವೇ?

ಉತ್ತರ (ಏರ್‌ಲೈನ್ ಹಣಕಾಸು): ಒಂದು ಹಾರಾಟದ ಪೂರ್ತಿ ಖರ್ಚು 100 ಅಂತಿಟ್ಟುಕೊಳ್ಳಿ: 50 ಹಾರಿದರೆ ಮಾತ್ರ ಆಗುವುದು, 50 ಹೇಗಿದ್ದರೂ ಆಗುವುದು. ಟಿಕೆಟ್‌ನಿಂದ 60 ಬಂದರೆ ಹಾರಿಸಿದಾಗ ನಷ್ಟ 40, ನಿಲ್ಲಿಸಿದಾಗ 50. ಹಾರಿಸುವುದೇ ಮೇಲು. ಆದಾಯ 50ಕ್ಕಿಂತ ಕೆಳಗಿಳಿದ ದಿನ ಮಾರ್ಗ ಮುಚ್ಚುತ್ತಾರೆ. ಅದಕ್ಕೇ ರದ್ದತಿಗಳು ನಿಧಾನವಾಗಿ ಶುರುವಾಗಿ ಆಮೇಲೆ ಒಮ್ಮೆಲೇ ಸುರಿಯುತ್ತವೆ.

ಇನ್ನೊಂದು ಕಾರಣ ಸ್ಲಾಟ್. ದಟ್ಟಣೆಯ ನಿಲ್ದಾಣಗಳಲ್ಲಿ ಏರುವ, ಇಳಿಯುವ ಸಮಯವನ್ನು ಒಂದು ಋತುವಿನಲ್ಲಿ ಶೇ. 80ರಷ್ಟಾದರೂ ಬಳಸದಿದ್ದರೆ ಮುಂದಿನ ವರ್ಷ ಆ ಹಕ್ಕು ತಪ್ಪುತ್ತದೆ. ಈ ನಿಯಮಕ್ಕೆ ಹೆದರಿ 2020ರ ಆರಂಭದಲ್ಲಿ ಯುರೋಪಿನಲ್ಲಿ ಬಹುತೇಕ ಖಾಲಿ ವಿಮಾನಗಳೂ ಹಾರಿದವು. ಐರೋಪ್ಯ ಒಕ್ಕೂಟ ನಿಯಮ ಸಡಿಲಿಸಲು ಮಾರ್ಚ್ ಬರಬೇಕಾಯಿತು.

ಪ್ರಶ್ನೆ: 2003ರಲ್ಲಿ ಹಬ್ಬಿದ ಸಾರ್ಸ್ ಎಂಬ ಉಸಿರಾಟದ ಸೋಂಕಿನಲ್ಲಿ ಇಡೀ ಜಗತ್ತಿನಲ್ಲಿ ಸೋಂಕಿತರು ಹತ್ತು ಸಾವಿರವೂ ಇರಲಿಲ್ಲವಂತೆ. ಅಷ್ಟಕ್ಕೇ ಏಷ್ಯಾದ ವಿಮಾನಯಾನ ಅಲುಗಾಡಿತಲ್ಲ, ಯಾಕೆ?

ಉತ್ತರ (ಆರೋಗ್ಯ ಅರ್ಥಶಾಸ್ತ್ರ): ಸೋಂಕಿತರು 8,096, ಸತ್ತವರು 774. ಆದರೆ ಮೇ 2003ರ ಹೊತ್ತಿಗೆ ಏಷ್ಯಾ–ಪೆಸಿಫಿಕ್ ಏರ್‌ಲೈನ್‌ಗಳ ಪ್ರಯಾಣ ಪ್ರಮಾಣ ಶೇ. 35ರಷ್ಟು ಬಿದ್ದಿತ್ತು. ವರ್ಷದ ಲೆಕ್ಕದಲ್ಲಿ ಶೇ. 8ರಷ್ಟು ಪ್ರಯಾಣ, ಸುಮಾರು 600 ಕೋಟಿ ಡಾಲರ್ ಆದಾಯ ಹೋಯಿತು. ಕಾಯಿಲೆಯಿಂದ ಮಲಗಿದವರಿಂದ ಇಷ್ಟು ನಷ್ಟವಾಗಲು ಸಾಧ್ಯವಿಲ್ಲ. ಆರೋಗ್ಯವಾಗಿದ್ದವರು ಮನೆಯಲ್ಲಿ ಕೂತದ್ದರಿಂದ ಆದದ್ದು. ಸಾರ್ಸ್ ಮತ್ತು 2009ರ ಎಚ್1ಎನ್1 ಎರಡರಲ್ಲೂ ಆರ್ಥಿಕ ಪೆಟ್ಟಿನ ಶೇ. 80–90ರಷ್ಟಕ್ಕೂ ಜನರ ಭಯದ ನಡವಳಿಕೆಯೇ ಕಾರಣವಿರಬಹುದು ಎನ್ನುತ್ತದೆ ವಿಶ್ವಬ್ಯಾಂಕ್. 2015ರಲ್ಲಿ ದಕ್ಷಿಣ ಕೊರಿಯಾದಲ್ಲಿ ಮರ್ಸ್ ಎಂಬ ಇನ್ನೊಂದು ಉಸಿರಾಟದ ಸೋಂಕು ತಗುಲಿದ್ದು 186 ಮಂದಿಗೆ. ಆ ಜೂನ್‌ನಲ್ಲಿ ವಿದೇಶಿ ಪ್ರವಾಸಿಗರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಶೇ. 41ರಷ್ಟು ಇಳಿಯಿತು.

ಭಯ ಬೇಗ ಬರುತ್ತದೆ, ಬೇಗ ಹೋಗುತ್ತದೆ. ಸಾರ್ಸ್ ನಂತರ ವರ್ಷ ತುಂಬುವುದರೊಳಗೆ ಪ್ರಯಾಣ ಹಳೆಯ ಮಟ್ಟಕ್ಕೆ ಬಂತು. ಕೋವಿಡ್ ಬೇರೆ ಜಾತಿಯದು: ಭಯದ ಜತೆ ಗಡಿಗಳೂ ಮುಚ್ಚಿದವು, ಅದೂ ಒಂದೊಂದು ದೇಶದ್ದು ಒಂದೊಂದು ನಿಯಮ. 2019ರಲ್ಲಿ 450 ಕೋಟಿಯಿದ್ದ ಪ್ರಯಾಣಿಕರ ಸಂಖ್ಯೆ 2020ರಲ್ಲಿ 180 ಕೋಟಿಗೆ ಕುಸಿಯಿತು. ಏರ್‌ಲೈನ್‌ಗಳ ಆ ವರ್ಷದ ನಿವ್ವಳ ನಷ್ಟ 13,000 ಕೋಟಿ ಡಾಲರ್ ದಾಟಿತು. ಇಡೀ ಜಗತ್ತಿನ ಪ್ರಯಾಣ ಪ್ರಮಾಣ 2019ರ ಮಟ್ಟವನ್ನು ಮತ್ತೆ ದಾಟಿದ್ದು 2024ರಲ್ಲಿ.

ಪ್ರಶ್ನೆ: ಡಾಕ್ಟ್ರೇ, ವಿಮಾನದೊಳಗೆ ಗಾಳಿ ಸುತ್ತುತ್ತಲೇ ಇರುತ್ತದೆ, ಒಬ್ಬರಿಗಿದ್ದರೆ ಎಲ್ಲರಿಗೂ ಬರುತ್ತದೆ ಅನ್ನುತ್ತಾರೆ. ನಿಜವೇ? ನಿಲ್ದಾಣದ ಜ್ವರದ ಕ್ಯಾಮೆರಾಗಳಿಂದ ಏನಾದರೂ ಉಪಯೋಗ ಇದೆಯೇ?

ಉತ್ತರ (ವಾಯುಯಾನ ವೈದ್ಯಕೀಯ): ಹಾರುತ್ತಿರುವಾಗ ಕ್ಯಾಬಿನ್ ಗಾಳಿ ಗಂಟೆಗೆ 20–30 ಬಾರಿ ಬದಲಾಗುತ್ತದೆ. ಅರ್ಧದಷ್ಟು ಹೊರಗಿನ ಗಾಳಿ, ಇನ್ನರ್ಧ 0.3 ಮೈಕ್ರಾನ್ ಗಾತ್ರದ ಕಣಗಳನ್ನೂ ಶೇ. 99.97ರಷ್ಟು ಹಿಡಿಯುವ ಹೆಪಾ ಫಿಲ್ಟರ್ ಮೂಲಕ ಬಂದದ್ದು. ಅದು ಮೇಲಿನಿಂದ ಕೆಳಕ್ಕೆ ಹರಿದು ಅದೇ ಸಾಲುಗಳ ಬಳಿ ಹೊರಹೋಗುತ್ತದೆ, ಮೂಗಿನಿಂದ ಬಾಲದ ತನಕ ಓಡಾಡುವುದಿಲ್ಲ. ಸಾಮಾನ್ಯ ಕಚೇರಿಗಿಂತ ಇದು ಎಷ್ಟೋ ವಾಸಿ.

ಆದರೆ ಇದೆಲ್ಲ ವ್ಯವಸ್ಥೆ ಓಡುತ್ತಿರುವಾಗಿನ ಮಾತು. 1977ರಲ್ಲಿ ಅಲಾಸ್ಕಾದಲ್ಲಿ ಎಂಜಿನ್ ತೊಂದರೆಯಿಂದ ಒಂದು ವಿಮಾನ ಗಂಟೆಗಟ್ಟಲೆ ನೆಲದಲ್ಲೇ ನಿಂತಿತು, ವಾತಾಯನವೂ ಬಂದ್ ಆಗಿತ್ತು. ಒಳಗೆ ಒಬ್ಬರಿಗೆ ಫ್ಲೂ ಇತ್ತು. ಮೂರೇ ದಿನದಲ್ಲಿ ಶೇ. 72ರಷ್ಟು ಪ್ರಯಾಣಿಕರು ಮಲಗಿದರು. ಹಾಗಾಗಿ ಗೇಟಿನಲ್ಲಿ ನಿಂತಾಗಲೂ ಎಪಿಯುನಿಂದಲೋ (ವಿಮಾನದ ಬಾಲದಲ್ಲಿರುವ ಸಣ್ಣ ಸಹಾಯಕ ಎಂಜಿನ್) ನಿಲ್ದಾಣದ ಕೊಳವೆಯಿಂದಲೋ ಗಾಳಿ ಬರುತ್ತಿರಬೇಕು. ಅರ್ಧ ಗಂಟೆಗಿಂತ ಹೆಚ್ಚು ಗಾಳಿ ಬಂದ್ ಆದರೆ ಜನರನ್ನು ಇಳಿಸುವುದು ಲೇಸು. ‘ಹಿಂದೆ ಎರಡು ಸಾಲು, ಮುಂದೆ ಎರಡು ಸಾಲು’ ಎಂಬ ಸಂಪರ್ಕ ಪತ್ತೆ ನಿಯಮವೂ ಅಂದಾಜಿನದೇ. 15 ಮಾರ್ಚ್ 2003ರಂದು ಹಾಂಗ್‌ಕಾಂಗ್‌ನಿಂದ ಬೀಜಿಂಗ್‌ಗೆ ಹೋದ ಮೂರು ಗಂಟೆಯ ಹಾರಾಟದ ನಂತರ 22 ಮಂದಿಗೆ ಸಾರ್ಸ್ ಬಂತು. ಅದರಲ್ಲಿ ಆ ಗಡಿಯಾಚೆ ಕೂತವರೂ ಇದ್ದರು.

ಯಾರಿಗಾದರೂ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ, ಜತೆಗೆ ಬಿಡದ ಕೆಮ್ಮು, ಉಸಿರಾಟದ ತೊಂದರೆ, ಗಂಧೆ ಇಂಥ ಒಂದು ಲಕ್ಷಣ ಕಂಡರೆ ಸಿಬ್ಬಂದಿ ಅವರನ್ನು ಸಾಧ್ಯವಾದಷ್ಟು ದೂರ ಕೂರಿಸಿ ಮಾಸ್ಕ್ ಕೊಡುತ್ತಾರೆ, ನೋಡಿಕೊಳ್ಳಲು ಒಬ್ಬರನ್ನೇ ನೇಮಿಸುತ್ತಾರೆ, ಒಂದು ಶೌಚಾಲಯ ಮೀಸಲಿಡುತ್ತಾರೆ. ಪೈಲಟ್ ಇಳಿಯುವ ಮೊದಲೇ ಏರ್ ಟ್ರಾಫಿಕ್ ಕಂಟ್ರೋಲ್‌ಗೆ ವಿಮಾನದ ಗುರುತು, ಹೊರಟ ಮತ್ತು ತಲುಪುವ ನಿಲ್ದಾಣ, ಇಳಿಯುವ ಸಮಯ, ಒಟ್ಟು ಜನ, ಶಂಕಿತರ ಸಂಖ್ಯೆ ತಿಳಿಸಬೇಕು. ಈ ಸುದ್ದಿ ತಡವಾದರೆ ಆರೋಗ್ಯ ತಂಡ ಗೇಟಿಗೆ ಬರುವ ತನಕ ಎಲ್ಲರೂ ಒಳಗೇ ಕೂರಬೇಕಾಗುತ್ತದೆ, ಅಂದರೆ ನಾನು ಮೇಲೆ ಹೇಳಿದ ಅದೇ ಅಪಾಯ.

ಜ್ವರದ ಕ್ಯಾಮೆರಾ ಹಿಡಿಯುವುದು ಜ್ವರವನ್ನು. ಸೋಂಕು ತಗುಲಿ ಲಕ್ಷಣ ಬಾರದವರು, ಪ್ಯಾರಾಸಿಟಮಾಲ್ ನುಂಗಿದವರು ಸಲೀಸಾಗಿ ದಾಟುತ್ತಾರೆ. ಸಾರ್ಸ್ ಸಮಯದಲ್ಲಿ ಕೆನಡಾ ಹೀಗೆ ಲಕ್ಷಾಂತರ ಜನರನ್ನು ನೋಡಿತು, ಒಂದೂ ಸಾರ್ಸ್ ಪ್ರಕರಣ ಸಿಗಲಿಲ್ಲ. ನನ್ನ ಮಟ್ಟಿಗೆ ಅದು ಕಾಣಿಸುವಂಥ ಕ್ರಮ, ಕೆಲಸ ಮಾಡುವ ಕ್ರಮವಲ್ಲ.

ಪ್ರಶ್ನೆ: ಹಾಗಿದ್ದರೆ ವಿಮಾನಗಳನ್ನೇ ನಿಲ್ಲಿಸಿಬಿಟ್ಟರೆ?

ಉತ್ತರ (ವಾಯುಯಾನ ವೈದ್ಯಕೀಯ): ಸಮಯ ಸಿಗುತ್ತದೆ, ಅಷ್ಟೇ. 2020ರ ಜನವರಿಯಲ್ಲಿ ವುಹಾನ್ ಮುಚ್ಚಿದ್ದರಿಂದ ಚೀನಾದ ಇತರೆಡೆ ರೋಗ 3ರಿಂದ 5 ದಿನ ತಡವಾಯಿತು. ಬೇರೆ ದೇಶಗಳಿಗೆ ಹೋಗುವ ಪ್ರಕರಣಗಳು ಫೆಬ್ರುವರಿ ಮಧ್ಯದ ತನಕ ಬಹಳಷ್ಟು ತಗ್ಗಿದವು ಎಂದು ಮಾದರಿ ಅಧ್ಯಯನವೊಂದು ತೋರಿಸಿತು. ಸಿಕ್ಕ ವಾರಗಳಲ್ಲಿ ಪರೀಕ್ಷೆ, ಹಾಸಿಗೆ ಸಿದ್ಧ ಮಾಡಿಕೊಂಡವರಿಗೆ ಲಾಭ. ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ (2005) 43ನೇ ವಿಧಿಯ ಪ್ರಕಾರ, ಸಂಚಾರಕ್ಕೆ ದೊಡ್ಡ ಅಡ್ಡಿಯಾಗುವ ಕ್ರಮ ಕೈಗೊಂಡ ದೇಶ 48 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ಕಾರಣ ಕೊಡಬೇಕು. ಕೊಡದಿದ್ದರೆ ದಂಡವಿಲ್ಲ, ಆದ್ದರಿಂದ ಪಾಲನೆ ಅಷ್ಟಕ್ಕಷ್ಟೇ. 2014ರ ಎಬೋಲಾದಲ್ಲಿ ಪಶ್ಚಿಮ ಆಫ್ರಿಕಾಕ್ಕೆ ಬಹುತೇಕ ಏರ್‌ಲೈನ್‌ಗಳು ಹಾರಾಟ ನಿಲ್ಲಿಸಿದಾಗ ವೈದ್ಯರು, ಕೈಗವಸು, ಔಷಧಿ ತಲುಪುವುದೂ ಕಷ್ಟವಾಯಿತು. ಬ್ರಸೆಲ್ಸ್ ಏರ್‌ಲೈನ್ಸ್, ರಾಯಲ್ ಏರ್ ಮಾರೋಕ್ ಬಿಡದೆ ಹಾರಿದ್ದರಿಂದ ಒಂದಿಷ್ಟು ದಾರಿ ಉಳಿಯಿತು.

ಪ್ರಶ್ನೆ: ನಿಲ್ಲಿಸಿದ ವಿಮಾನಗಳಿಗೆ ಏನು ಮಾಡುತ್ತಾರೆ? ಕಾರಿನ ಹಾಗೆ ಕವರ್ ಹಾಕಿ ಬಿಡುತ್ತಾರೋ?

ಉತ್ತರ (ನಿರ್ವಹಣೆ ಎಂಜಿನಿಯರ್): ಏಪ್ರಿಲ್ 2020ರಲ್ಲಿ ಜಗತ್ತಿನ ಪ್ರಯಾಣಿಕ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೆಲದಲ್ಲಿದ್ದವು. ಸ್ಪೇನಿನ ಟೆರುಯೆಲ್, ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಂಥ ಒಣ ಜಾಗಕ್ಕೆ ಒಯ್ಯುವುದು ತುಕ್ಕಿನ ಭಯಕ್ಕೆ. ಎಂಜಿನ್ನಿನ ಮುಂದೆ ಹಿಂದೆ ಮುಚ್ಚಳ, ಒಳಗೆ ತೇವ ಹೀರುವ ಚೀಲ, ತೇವಾಂಶ ಏರಿದರೆ ಬಣ್ಣ ಬದಲಿಸುವ ಕಾರ್ಡು. ಬ್ಯಾಟರಿ ಕಳಚಬೇಕು. ಒಂದೇ ಕಡೆ ಭಾರ ಕೂತು ಟೈರು ಚಪ್ಪಟೆಯಾಗದಂತೆ ಒಂದೆರಡು ವಾರಕ್ಕೊಮ್ಮೆ ಚಕ್ರ ತಿರುಗಿಸಬೇಕು. ಲ್ಯಾಂಡಿಂಗ್ ಗೇರಿನ ಹೊಳೆಯುವ ಭಾಗಕ್ಕೆ ಗ್ರೀಸ್. ಟ್ಯಾಂಕಿನಲ್ಲಿ ಒಂದಷ್ಟು ಇಂಧನ ಬಿಡುತ್ತಾರೆ: ಗಾಳಿಗೆ ವಿಮಾನ ಅಲುಗದಿರಲು ಭಾರ ಬೇಕು, ಸೀಲುಗಳು ಒಣಗಿ ಬಿರುಕು ಬಿಡಬಾರದು.

ಆ ಇಂಧನವೇ ಮುಂದಿನ ತಲೆನೋವು. ತಳದಲ್ಲಿ ನೀರು ಕೂತರೆ ನೀರೂ ಇಂಧನವೂ ಸೇರುವ ಕಡೆ ಶಿಲೀಂಧ್ರ ಬೆಳೆದು ಲೋಳೆಯಾಗುತ್ತದೆ, ಫಿಲ್ಟರ್ ಕಟ್ಟುತ್ತದೆ. ಅದಕ್ಕೆ ನಿಯತವಾಗಿ ತಳದ ನೀರು ಬಸಿಯಬೇಕು, ಬೇಕಾದರೆ ಬಯೋಸೈಡ್ (ಶಿಲೀಂಧ್ರ ಕೊಲ್ಲುವ ರಾಸಾಯನಿಕ) ಹಾಕಬೇಕು. ಇಲ್ಲಿ ಅಳತೆ ತಪ್ಪಿದರೆ ಕಥೆ ಮುಗಿಯಿತು. ಫೆಬ್ರುವರಿ 2020ರಲ್ಲಿ ಗ್ಯಾಟ್ವಿಕ್‌ನಿಂದ ಏರಿದ ಏರ್‌ಬಸ್ ಎ321 ವಿಮಾನವೊಂದರ ಎರಡೂ ಎಂಜಿನ್ ತೊಂದರೆ ಕೊಟ್ಟವು; ಪಿಪಿಎಂ (ಹತ್ತು ಲಕ್ಷಕ್ಕೆ ಎಷ್ಟು ಭಾಗ) ಲೆಕ್ಕ ತಪ್ಪಿ ಶಿಫಾರಸಿನ ಸುಮಾರು 38 ಪಟ್ಟು ಬಯೋಸೈಡ್ ಬಿದ್ದಿತ್ತು. ಪುಣ್ಯಕ್ಕೆ ಸುರಕ್ಷಿತವಾಗಿ ಇಳಿಯಿತು.

ನಿಲ್ಲಿಸುವುದು ಸುಲಭ, ಎಬ್ಬಿಸುವುದು ಕಷ್ಟ. ವೇಗ ಅಳೆಯುವ ಪಿಟೋ ಕೊಳವೆಯ ತೂತಿನಲ್ಲಿ ಕೀಟಗಳು ಗೂಡು ಕಟ್ಟಿದರೆ ಟೇಕಾಫ್ ಓಟದಲ್ಲಿ ವೇಗದ ಓದು ಸುಳ್ಳು ಹೇಳುತ್ತದೆ. ಇಂಥ ಪ್ರಕರಣ ಹೆಚ್ಚುತ್ತಿವೆ ಎಂದು ಯುರೋಪಿನ ವಾಯು ಸುರಕ್ಷತಾ ಸಂಸ್ಥೆ 2020ರಲ್ಲೇ ಎಚ್ಚರಿಸಿತು. ಅದೇ ಜುಲೈನಲ್ಲಿ ಅಮೆರಿಕದ ವಾಯುಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ, 7 ದಿನ ಅಥವಾ ಹೆಚ್ಚು ಸುಮ್ಮನೆ ನಿಂತಿದ್ದ ಹಳೆಯ ತಲೆಮಾರಿನ ಬೋಯಿಂಗ್ 737ಗಳ ಎಂಜಿನ್ ಗಾಳಿ ಕವಾಟದಲ್ಲಿ ತುಕ್ಕು ಇದೆಯೇ ನೋಡಿ ಎಂದು ತುರ್ತು ಆದೇಶ ಕೊಟ್ಟಿತು. ಏಳೇ ದಿನ, ಗಮನಿಸಿ.

ಪೈಲಟ್‌ಗಳದ್ದೂ ಇದೇ ಪಾಡು. 90 ದಿನದಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್ ಇಲ್ಲದಿದ್ದರೆ ಪ್ರಯಾಣಿಕರನ್ನು ಒಯ್ಯುವಂತಿಲ್ಲ. ಆ ಅಭ್ಯಾಸಕ್ಕೆ ಎಲ್ಲರಿಗೂ ಒಮ್ಮೆಲೇ ಸಿಮ್ಯುಲೇಟರ್ (ನೆಲದಲ್ಲೇ ಹಾರಾಟ ಅನುಕರಿಸುವ ಯಂತ್ರ) ಬೇಕಾದಾಗ ಸರದಿ ಬೆಳೆಯುತ್ತದೆ. ಕೆಲಸ ಬಿಟ್ಟುಹೋದ ಬ್ಯಾಗೇಜ್, ಭದ್ರತಾ ಸಿಬ್ಬಂದಿಯ ಜಾಗಕ್ಕೆ ಬಂದವರ ಹಿನ್ನೆಲೆ ತಪಾಸಣೆಗೆ ವಾರಗಳು ಬೇಕು. ಜುಲೈ 2022ರಲ್ಲಿ ಹೀಥ್ರೂ ದಿನಕ್ಕೆ 1 ಲಕ್ಷ ನಿರ್ಗಮನ ಪ್ರಯಾಣಿಕರೆಂದು ಮಿತಿ ಹಾಕಿದ್ದು ಬೇಡಿಕೆ ಇಲ್ಲದೆ ಅಲ್ಲ, ಕೈಗಳಿಲ್ಲದೆ.

ಪ್ರಶ್ನೆ: ಪ್ರಯಾಣಿಕರಿಲ್ಲದಿದ್ದರೆ ಸರಕು ಸಾಗಣೆ ಅಗ್ಗವಾಗಬೇಕಲ್ಲವೇ? ದುಬಾರಿಯಾಯಿತಲ್ಲ!

ಉತ್ತರ (ಏರ್‌ಲೈನ್ ಹಣಕಾಸು): ಜಗತ್ತಿನ ವಾಯು ಸರಕಿನಲ್ಲಿ ಅರ್ಧದಷ್ಟು ಹೋಗುವುದು ಪ್ರಯಾಣಿಕ ವಿಮಾನದ ಹೊಟ್ಟೆಯಲ್ಲಿ. ವಿಮಾನ ನಿಂತರೆ ಆ ಜಾಗವೂ ಹೋಯಿತು. ತೂಕದಲ್ಲಿ ವಾಯು ಸರಕು ಜಾಗತಿಕ ವ್ಯಾಪಾರದ ಶೇ. 1ಕ್ಕಿಂತ ಕಡಿಮೆ, ಮೌಲ್ಯದಲ್ಲಿ ಮೂರನೇ ಒಂದು ಭಾಗ: ಔಷಧಿ, ಎಲೆಕ್ಟ್ರಾನಿಕ್ ಚಿಪ್, ಬಿಡಿಭಾಗ. ಆದ್ದರಿಂದ ಕೊರತೆಯ ಬಿಸಿ ಪ್ರವಾಸದ ಗೊಡವೆಯೇ ಇಲ್ಲದ ಕಾರ್ಖಾನೆಗೂ ತಟ್ಟುತ್ತದೆ. ಸೀಟುಗಳ ಮೇಲೆ ಮಾಸ್ಕಿನ ಪೆಟ್ಟಿಗೆ ಕಟ್ಟಿ ಹಾರಿಸಿದ್ದೂ ಉಂಟು. ಕೈಯಿಂದ ತುಂಬಿ ಇಳಿಸಬೇಕಾದ್ದರಿಂದ ಅದು ನಿಧಾನ. ದರ ಆಕಾಶದಲ್ಲಿದ್ದಾಗ ಮಾತ್ರ ಗಿಟ್ಟುತ್ತದೆ.

ಪ್ರಶ್ನೆ: ಕೊನೆಯದಾಗಿ, ಟಿಕೆಟ್ ಕೈಯಲ್ಲಿದ್ದು ರೋಗದ ಸುದ್ದಿ ಬಂದರೆ ನಾವೇನು ಮಾಡಬೇಕು?

ಉತ್ತರ (ಏರ್‌ಲೈನ್ ಹಣಕಾಸು): ಗಾಬರಿಯಲ್ಲಿ ನೀವಾಗಿ ರದ್ದು ಮಾಡಬೇಡಿ. ನೀವು ಮಾಡಿದರೆ ಟಿಕೆಟ್‌ನ ಷರತ್ತು ಅನ್ವಯ, ಕಂಪನಿ ಮಾಡಿದರೆ ರೀಫಂಡ್ ನಿಮ್ಮ ಹಕ್ಕು. ಐರೋಪ್ಯ ಒಕ್ಕೂಟದ ನಿಯಮದಲ್ಲಿ 7 ದಿನದೊಳಗೆ ನಗದು ಕೊಡಬೇಕು. ವೋಚರ್ ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಕಂಪನಿಯ ಸ್ಥಿತಿ ಡೋಲಾಯಮಾನ ಅನ್ನಿಸಿದರೆ ವೋಚರ್ ಬೇಡವೇ ಬೇಡ, ದಿವಾಳಿಯಾದಾಗ ಅದು ಬರೀ ಕಾಗದ. ಕಾರ್ಡಿನಲ್ಲಿ ಕಟ್ಟಿದ್ದರೆ ಚಾರ್ಜ್‌ಬ್ಯಾಕ್ (ಬ್ಯಾಂಕಿನ ಮೂಲಕ ಹಣ ವಾಪಸು) ಕೇಳಲು ಗಡುವಿದೆ, ಬ್ಯಾಂಕಿನಲ್ಲಿ ವಿಚಾರಿಸಿ.

ವಿಮೆಯನ್ನು ಟಿಕೆಟ್ ಜತೆಗೇ ಕೊಳ್ಳಿ. ಸುದ್ದಿ ದೊಡ್ಡದಾದ ಮೇಲೆ ವಿಮಾ ಕಂಪನಿಗಳು ಅದನ್ನು ‘ಗೊತ್ತಿದ್ದ ಘಟನೆ’ ಎಂದು ದಿನಾಂಕ ನಿಗದಿ ಮಾಡಿ ಹೊರಗಿಡುತ್ತವೆ. ಭಯ ಎಂಬ ಕಾರಣಕ್ಕಂತೂ ಸಾಮಾನ್ಯ ಪಾಲಿಸಿ ಹಣ ಕೊಡುವುದಿಲ್ಲ. ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿ ಪ್ರಯಾಣ ಮಾಡುವವರು ಹುಷಾರು: ಮೊದಲನೆಯದು ರದ್ದಾದರೆ ಎರಡನೆಯ ಕಂಪನಿಗೆ ಸಂಬಂಧವಿಲ್ಲ.

ಉತ್ತರ (ವಾಯುಯಾನ ವೈದ್ಯಕೀಯ): ಒಂದು ಸೇರಿಸುತ್ತೇನೆ. ಮಧ್ಯೆ ವಿಮಾನ ಬದಲಿಸುವ ದೇಶದ ನಿಯಮವನ್ನೂ ನೋಡಿ. ಹಳದಿ ಜ್ವರದ ಅಪಾಯವಿರುವ ದೇಶದ ನಿಲ್ದಾಣದಲ್ಲಿ 12 ಗಂಟೆ ಮೀರಿ ಕಾದಿದ್ದಕ್ಕೇ ಮುಂದಿನ ದೇಶ ಲಸಿಕೆ ಪ್ರಮಾಣಪತ್ರ ಕೇಳಬಹುದು. ಆ ಪತ್ರ ಲಸಿಕೆ ಹಾಕಿಸಿದ 10 ದಿನದ ನಂತರವೇ ಊರ್ಜಿತ, ಹಾಗಾಗಿ ಹೊರಡುವ ಹಿಂದಿನ ದಿನ ಓಡಿದರೆ ಪ್ರಯೋಜನವಿಲ್ಲ. 2016ರ ಜುಲೈನಿಂದ ಅದು ಜೀವನಪೂರ್ತಿ ಚಾಲ್ತಿ. ಹಳೆಯ ಪತ್ರದಲ್ಲಿ 10 ವರ್ಷ ಎಂದು ಬರೆದಿದ್ದರೂ ನಡೆಯುತ್ತದೆ. ಕೌಂಟರಿನವರು ಒಪ್ಪದಿದ್ದರೆ ಅವರ ಕಂಪ್ಯೂಟರಿನಲ್ಲಿರುವ, ದೇಶದೇಶಗಳ ಪ್ರವೇಶ ನಿಯಮಗಳ ಪಟ್ಟಿಯಾದ ಟಿಮ್ಯಾಟಿಕ್‌ನಲ್ಲಿ ನೋಡಲು ಹೇಳಿ, ಅವರು ನೋಡಿ ನಿರ್ಧರಿಸುವುದು ಅದರಲ್ಲೇ.