ಶೀಲಾ, ಸೀರಿಯಲ್ ಸೆಟ್ಟನ್ನು ಹುಲ್ಲಿನ ಜೊತೆ ತುಂಬಿಸ್ಬೇಡ

ಹಾಂ… ಶೀಲಾ, ಕೇಳಿಸ್ತದಾ? ಟೈಪ್ ಮಾಡ್ಲಿಕ್ಕೆ ನನ್ನಿಂದ ಆಗುವುದಿಲ್ಲ, ಮಾತಾಡಿಯೇ ಕಳಿಸ್ತೇನೆ. ಉದ್ದ ಆಯ್ತು ಅಂತ ಜೆಪ್ಪು ಮಾಮ ಗೊಣಗ್ಲಿಕ್ಕಿಲ್ಲ, ಬೇಡದವರು ಕೇಳುವುದು ಬೇಡ. ನಾಳೆ ಚಿನ್ನುವಿಗೆ ಶಾಲೆ ಶುರು, ಇವತ್ತು ರಾತ್ರಿಯೊಳಗೆ ಕ್ರಿಸ್ಮಸ್ಸಿನ ನಕ್ಷತ್ರ, ಯೇಸು ಹುಟ್ಟಿದ ಹಟ್ಟಿಯ ಹಾಗೆ ಬೊಂಬೆ ಇಟ್ಟು ಕಟ್ಟಿದ ಗೋದಲಿ, ದೀಪದ ಸೀರಿಯಲ್ ಸೆಟ್ ಎಲ್ಲ ಬಿಚ್ಚಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಗೆ ತುಂಬಿಸಿ ಅಟ್ಟಕ್ಕೆ ಹಾಕ್ತೇನೆ ಅಂದಿದ್ದಿ. ಮತ್ತೆ ಪ್ಲಮ್ ಕೇಕಿನ ಅಂಚಿಗೆ ಬೂಷ್ಟು ಬಂದ ಹಾಗೆ ಕಾಣ್ತದೆ, ಅಷ್ಟನ್ನು ಕೆತ್ತಿ ತೆಗೆದು ಉಳಿದದ್ದನ್ನು ಮಗುವಿನ ಡಬ್ಬಿಗೆ ಹಾಕ್ಬಹುದಾ, ಹೆದರಿಕೆ ಆಗ್ತದೆ ಅಂತ ಕೇಳಿದ್ದಿ. ಹೇಳ್ತೇನೆ, ಹೇಳ್ತೇನೆ. ಮೊದಲು ಆ ಪೆಟ್ಟಿಗೆಯನ್ನು ಕೆಳಗಿಡು ಮಾರಾಯ್ತಿ.

ಒಂದೇ ರಾತ್ರಿಯಲ್ಲಿ ಮುಗಿಸ್ಬೇಕು ಅಂತ ಯಾರು ಹೇಳಿದ್ದು? ಶಾಲೆ ನಾಳೆ ಶುರುವಾದ್ರೂ ಹಬ್ಬದ ಲೆಕ್ಕ ಮುಗಿಯುವುದು ಜನವರಿ 6ಕ್ಕೆ, ಮೂರು ಅರಸರ ಹಬ್ಬಕ್ಕೆ. ಅಲ್ಲಿಯ ತನಕ ನಕ್ಷತ್ರ ಜಗಲಿಯಲ್ಲಿ ನೇತಾಡಿದ್ರೆ ಯಾರ ಗಂಟೂ ಹೋಗುವುದಿಲ್ಲ.

ಅಜ್ಜನ ಮನೆಯ ಗೋದಲಿ ಸುಟ್ಟದ್ದು ನಿನಗೆ ಗೊತ್ತುಂಟಲ್ಲ? ಗೊತ್ತಿದ್ರೂ ಕೇಳು. ನಮ್ಮವರಲ್ಲಿ ಅರ್ಧ ಜನಕ್ಕೆ ಬೆಂಕಿ ಮಾತ್ರ ನೆನಪುಂಟು, ಕಾರಣ ನೆನಪಿಲ್ಲ. ಬೆಂಕಿ ಹತ್ತಿದ್ದು ಡಿಸೆಂಬರಿನಲ್ಲಿ. ತಪ್ಪು ಆದದ್ದು ಹಿಂದಿನ ಜನವರಿಯಲ್ಲಿ. ಆ ಜನವರಿ ಕೂಡ ಹೀಗೇ, ಮರುದಿನ ಮಕ್ಕಳಿಗೂ ಶಾಲೆ, ನನಗೂ ಶಾಲೆ. ಸೀರಿಯಲ್ ಸೆಟ್ಟನ್ನು ಬಾವಿಹಗ್ಗ ಸುತ್ತಿದ ಹಾಗೆ ಮೊಣಕೈಗೆ ಸುತ್ತಿ, ಜರಿ, ಬೈಹುಲ್ಲು ಎಲ್ಲದರ ಜೊತೆ ಒಂದೇ ಪೆಟ್ಟಿಗೆಗೆ ತುರುಕಿದ್ದು ನಾನೇ. ನೀನು ಈಗ ಹೇಳಿದ ಪೆಟ್ಟಿಗೆಯಂಥದ್ದೇ.

ಆಗಿನದ್ದು ಎಲ್‌ಇಡಿ ಅಲ್ಲ, ಬಿಸಿಯಾಗುವ ಸಣ್ಣ ಬಲ್ಬು. ಒಂದು ಸೆಟ್ಟಿಗೆ 40. 230 ವೋಲ್ಟನ್ನು 40 ಬಲ್ಬು ಹಂಚಿಕೊಳ್ಬೇಕು, ಒಂದೊಂದಕ್ಕೆ 6ಕ್ಕಿಂತ ಚೂರು ಕಡಿಮೆ. ಒಂದು ಕೆಟ್ಟರೆ ಸಾಲೇ ಆರಿಹೋಗ್ತಿತ್ತು. ಆಗ ನಿನ್ನ ದೊಡ್ಡಪ್ಪ ಎಂತ ಮಾಡ್ತಿದ್ರು ಅಂದ್ರೆ, ಕೆಟ್ಟ ಬಲ್ಬನ್ನು ಕತ್ತರಿಸಿ ತೆಗೆದು, ಎರಡು ತುದಿ ತಿರುಚಿ, ಮೇಲಿಂದ ಸೆಲ್ಲೋಟೇಪ್. ಹೀಗೆ 6 ಬಲ್ಬು ಹೋಯ್ತು. ಉಳಿದ 34ಕ್ಕೆ ಒಂದೊಂದಕ್ಕೆ ಆರೂಮುಕ್ಕಾಲು ವೋಲ್ಟು. ನೋಡ್ಲಿಕ್ಕೆ ಇನ್ನೂ ಪ್ರಕಾಶ, ಎಲ್ಲರಿಗೂ ಖುಷಿ. ಮುಟ್ಟಿದ್ರೆ ಬೆರಳು ಚುರ್ ಅಂತಿತ್ತು, ಅದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಮತ್ತೆ ಆ ಅಟ್ಟ ನಿನಗೆ ಗೊತ್ತುಂಟು, ಈಗ ಅಲ್ಲಿರುವುದು ನೀನೇ ಅಲ್ವಾ. ಹಂಚಿನ ಕೆಳಗೆ ಏಪ್ರಿಲ್ ಮೇ ತಿಂಗಳಲ್ಲಿ ಕಾವಲಿಯ ಹಾಗೆ ಕಾಯ್ತದೆ. ಹಂಚೆಂತ ಸಾಮಾನ್ಯದ್ದಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ 1865ರಿಂದ ಸುಡ್ಲಿಕ್ಕೆ ಶುರು ಮಾಡಿದ ಬಾಸೆಲ್ ಮಿಶನ್ ಹಂಚು, ಮಳೆಗೆ ಒಂದು ಹನಿ ಒಳಗೆ ಬಿಡುವುದಿಲ್ಲ. ಬಿಸಿಲಿಗೆ ಹಾಗಲ್ಲ. ಸೆಲ್ಲೋಟೇಪಿನ ಅಂಟು ಒಣಗಿ ಹಪ್ಪಳದ ಹಾಗೆ ಎದ್ದು ಬಂತು. ಬೈಹುಲ್ಲಿನಲ್ಲಿ ನಾಲ್ಕು ಭತ್ತದ ಕಾಳು ಉಳಿದಿರ್ತದೆ, ಅದಕ್ಕೆ ಇಲಿ ಬಂತು, ಹುಲ್ಲಿನಲ್ಲೇ ಗೂಡು ಕಟ್ಟಿತು, ಹಲ್ಲು ಸವೆಸ್ಲಿಕ್ಕೆ ಪಕ್ಕದ ವಯರಿನ ಪ್ಲಾಸ್ಟಿಕ್ ಕಡೀತು. ಡಿಸೆಂಬರಿನಲ್ಲಿ ಪೆಟ್ಟಿಗೆ ಇಳಿಸಿ, ಒಂದು ಸಲ ಹಚ್ಚಿ ನೋಡಿ, ಉರೀತದೆ ಅಂತ ಗೋದಲಿಯ ಮಾಡಿಗೆ ಸುತ್ತಿಬಿಟ್ಟೆವು.

24ರ ಸಂಜೆ ಸುಟ್ಟ ವಾಸನೆ. ಅನ್ನ ಸೀದು ಹೋಯ್ತು ಅಂತ ಎಲ್ಲರೂ ಅಡಿಗೆಮನೆಗೆ ಓಡಿದ್ದು. ತಿರುಗಿ ಬರುವಾಗ ಕುರುಬರ ಬೊಂಬೆಗಳ ತಲೆ ಮೇಲಿನ ಹುಲ್ಲು ಉರೀತಾ ಉಂಟು. ಫ್ಯೂಸ್ ಹೋಗ್ಲೇ ಇಲ್ಲ, ಯಾವನೋ ಪುಣ್ಯಾತ್ಮ ಅದಕ್ಕೆ ದಪ್ಪ ತಂತಿ ಕಟ್ಟಿದ್ದ. ನಿನ್ನ ಅಪ್ಪ ಕೊಡಪಾನ ಎತ್ತಿದ. ಕರೆಂಟ್ ಇರುವಾಗ ನೀರು! ಅವನ ಕೈ ಹಿಡಿದು ನಿಲ್ಲಿಸಿ, ಸ್ವಿಚ್ ತೆಗೆದು, ಪ್ಲಗ್ ಎಳೆದು, ಗೋದಲಿಯ ದಾರಿಗೆ ಹಾಸಿದ ಹೊಳೆಮರಳನ್ನೇ ಎರಡು ಕೈಯಲ್ಲಿ ಬಾಚಿ ಎಸೆದೆ. ಮರಳು ಹಾಕಿದ್ದಕ್ಕೆ ಮನೆ ಉಳೀತು. ಗೋದಲಿಯ ಆ ಒಂಟೆ ಬೊಂಬೆಯ ಒಂದು ಪಕ್ಕ ಈಗಲೂ ಕಪ್ಪು. ನೀನು ಸಣ್ಣವಳಿರುವಾಗ ಅದನ್ನು ಕತ್ತೆ ಅಂತಿದ್ದಿ.

ಹಾಗಾಗಿ ಹೇಳುವುದು. ಹುಲ್ಲನ್ನೂ ಸೀರಿಯಲ್ ಸೆಟ್ಟನ್ನೂ ಒಂದೇ ಪೆಟ್ಟಿಗೆಗೆ ಹಾಕ್ಬೇಡ.

ಈಗಿನದ್ದು ಎಲ್‌ಇಡಿ ದೊಡ್ಡಮ್ಮ, ಬಿಸಿ ಆಗುವುದಿಲ್ಲ ಅಂತ ನೀನು ಹೇಳ್ತಿ. ಬಲ್ಬು ಬಿಸಿ ಆಗುವುದಿಲ್ಲ, ಸರಿ. ಪ್ಲಗ್ಗಿಗೆ ಬರುವುದು ಅದೇ 230, ಅಟ್ಟದಲ್ಲಿರುವುದು ಅದೇ ಇಲಿ. ಹಗಲು ಬೆಳಕಿನಲ್ಲಿ ಪ್ಲಗ್ ತೆಗೆದು, ವಯರನ್ನು ಬೆರಳುಗಳ ನಡುವೆ ಗೇಣು ಗೇಣು ಜಾರಿಸ್ತಾ ನೋಡ್ತಾ ಹೋಗು. ಒಂದು ಕಡೆ ತಾಮ್ರ ಕಂಡ್ರೂ, ಟೇಪ್ ಸುತ್ತಿದ ಗಂಟು ಕಂಡ್ರೂ ಆ ಸೆಟ್ಟು ಬಿಸಾಡು, ರಿಪೇರಿ ಅಂತ ಕೂರ್ಬೇಡ. ಸರಿಯಿದ್ದದ್ದನ್ನು ಒಂದಡಿ ಉದ್ದದ ರಟ್ಟಿಗೆ ಸಡಿಲವಾಗಿ ಸುತ್ತು. ರಟ್ಟಿನ ಅಂಚಿಗೆ ಕತ್ತರಿಯಲ್ಲಿ ಎರಡು ಕಚ್ಚು ಹಾಕಿದ್ರೆ ಪ್ಲಗ್ಗಿನ ತುದಿ ಒಂದಕ್ಕೆ, ಕೊನೆಯ ಬಲ್ಬು ಇನ್ನೊಂದಕ್ಕೆ ಸಿಕ್ಕಿ ನಿಲ್ತದೆ, ಬರುವ ವರ್ಷ ಗಂಟು ಬಿಡಿಸ್ತಾ ಕೂರ್ಬೇಕಾಗಿಲ್ಲ. ಬಿಗಿಯಾಗಿ ಎಳೆದು ಸುತ್ತಿದ್ರೆ ಬಲ್ಬಿನ ಬುಡದಲ್ಲೇ ವಯರು ಮುರಿಯುವುದು. ಆಮೇಲೆ ಮುಚ್ಚಳ ಇರುವ ತಗಡಿನ ಡಬ್ಬಿಗೆ ಹಾಕು, ರಟ್ಟಿನ ಪೆಟ್ಟಿಗೆ ಇಲಿಗೆ ಒಂದು ರಾತ್ರಿಯ ಕೆಲಸ.

ನಕ್ಷತ್ರವನ್ನು ಸಂಜೆ ಇಳಿಸ್ಬೇಡ, ಬೆಳಿಗ್ಗೆಯೂ ಬೇಡ. ರಾತ್ರಿಯ ಮಂಜು ಕಾಗದಕ್ಕೆ ಕೂತಿರ್ತದೆ, ಹಾಗೇ ಮಡಚಿದ್ರೆ ಒಳಗೆ ಕಪ್ಪು ಚುಕ್ಕೆ ಬಂದು ಮಡಿಕೆಯಲ್ಲೇ ಹರೀತದೆ. ಮಧ್ಯಾಹ್ನ 12 ಗಂಟೆ ಬಿಸಿಲು ತಾಗಿದ ಮೇಲೆ ಇಳಿಸು, ಹೋಲ್ಡರ್ ಬಲ್ಬು ಬಿಚ್ಚಿ ಬೇರೆ ಇಡು, ನಕ್ಷತ್ರವನ್ನು ಪೇಪರಿನಲ್ಲಿ ಸುತ್ತು. ಪ್ಲಾಸ್ಟಿಕ್ ಚೀಲ ಬೇಡ, ಬೆವರ್ತದೆ. ಗೋದಲಿಯ ಬೊಂಬೆಗಳನ್ನು ತೊಳೀಲಿಕ್ಕೆ ಹೋಗ್ಬೇಡ, ಪ್ಲಾಸ್ಟರಿನದ್ದು ನೀರು ಕುಡಿದ್ರೆ ಬಣ್ಣ ಸಿಪ್ಪೆ ಏಳ್ತದೆ. ಒಣ ಬ್ರಶ್ಶಿನಲ್ಲಿ ಧೂಳು ತೆಗೆದು ಒಂದೊಂದನ್ನು ಹಳೆ ಲುಂಗಿಯ ತುಂಡಿನಲ್ಲಿ ಸುತ್ತು. ಹಸಿರಿಗೆ ಅಂತ ತಟ್ಟೆಯಲ್ಲಿ ಮೊಳಕೆ ಬರಿಸಿದ ರಾಗಿಯನ್ನು ಇವತ್ತೇ ತೆಂಗಿನ ಬುಡಕ್ಕೆ ಮಗುಚು, ಆ ತಟ್ಟೆಯ ನೀರಿನಲ್ಲಿ ಈಗಾಗಲೇ ಸೊಳ್ಳೆಯ ಮರಿ ಕುಣೀತಿರ್ತದೆ. ಹುಲ್ಲು? ಅದನ್ನು ಇಟ್ಟುಕೊಳ್ಳುವುದೇ ಬೇಡ, ಬಚ್ಚಲ ಒಲೆಗೆ ಹಾಕು. ಜರಿ ಮಿಂಚು ಏನಾದ್ರೂ ಸಿಕ್ಕಿಕೊಂಡಿದ್ರೆ ಮಾತ್ರ ಆರಿಸಿ ತೆಗಿ, ಅದು ಒಲೆಗೂ ಬೇಡ, ಪಕ್ಕದ ಮನೆ ದನಕ್ಕೆ ಅಂತೂ ಬೇಡವೇ ಬೇಡ.

ನೋಡು, ಇದನ್ನೆಲ್ಲ ನಿನಗೆ ಒಬ್ಬಳಿಗೇ ಹೇಳ್ಬೇಕಾಗಿ ಬಂತಲ್ಲ ಅಂತ ನನಗೆ ಬೇಸರ. ಗೋದಲಿ ಕಟ್ಟುವಾಗ 12 ಕೈ ಇತ್ತು. ಫೋಟೋಕ್ಕೆ 24 ಕೈ. ಬಿಚ್ಚುವಾಗ ಎರಡೇ ಕೈ. ಹೊಸ ವರ್ಷದ ಊಟ ಆದ ಕೂಡಲೇ ಒಬ್ಬರಿಗೆ ರಾತ್ರಿ ಬಸ್ಸು, ಒಬ್ಬರಿಗೆ ಫ್ಲೈಟು. ಹೋಗ್ಲಿ ಪಾಪ, ಕೆಲಸ ಉಂಟು. ಆದ್ರೆ ಕೈಯಲ್ಲಿ ಎಂತ ಹಿಡ್ಕೊಂಡು ಹೋಗುವುದು? ನನ್ನ ಡಬ್ಬಿ. ಕಲ್‌ಕಲ್, ನೆವ್ರಿ, ಗುಲಾಬಿ ಅಚ್ಚು, ಚಕ್ಕುಲಿ, ಹಬ್ಬಕ್ಕೆ ಕರಿದ ತಿಂಡಿ ಎಲ್ಲ ಡಬ್ಬಿ ಸಮೇತ. ಹೋದ ವರ್ಷ ಎಂಟು ಸ್ಟೀಲ್ ಡಬ್ಬಿ ಹೋಯ್ತು, ಬಂದದ್ದು ಎರಡು, ಅದರಲ್ಲಿ ಒಂದಕ್ಕೆ ಬೇರೆ ಯಾರದ್ದೋ ಮುಚ್ಚಳ. ಬೆಂಗಳೂರಿನವರು ಈ ಗ್ರೂಪಿನಲ್ಲಿ ಇದ್ದಾರೆ, ಕೇಳಿಸಿಕೊಳ್ಳಲಿ. ನೆರೆಮನೆಗೆ ಕುಸ್ವಾರ್, ಅಂದ್ರೆ ಈ ಹಬ್ಬದ ತಿಂಡಿಯ ತಟ್ಟೆ ಕೊಟ್ರೆ ಅವರು ಎರಡು ಬಾಳೆಹಣ್ಣಾದ್ರೂ ಇಟ್ಟು ತಟ್ಟೆ ವಾಪಸ್ ಕೊಡ್ತಾರೆ. ನಮ್ಮವರಿಗೆ ಖಾಲಿ ಡಬ್ಬಿ ಕೊಡ್ಲಿಕ್ಕೂ ಆಗುವುದಿಲ್ಲ. ಕೇಳಿದ್ರೆ, ಹೊಸದು ಆರ್ಡರ್ ಮಾಡಿ ಕಳಿಸ್ತೇವೆ ದೊಡ್ಡಮ್ಮ ಅಂತಾರೆ. ನನಗೆ ಹೊಸದು ಯಾಕೆ? ಆ ಡಬ್ಬಿಯ ಮುಚ್ಚಳ ಗಾಳಿ ಬಿಡುವುದಿಲ್ಲ, ಅದಕ್ಕೇ ಚಕ್ಕುಲಿ ತಿಂಗಳು ಇಡೀ ಗರಿಗರಿ.

ಎಂತ ಹೇಳ್ತಾ ಇದ್ದೆ… ಹಾಂ, ಪೆಟ್ಟಿಗೆ. ಇನ್ನೊಂದು ಸಲ ಹೇಳ್ತೇನೆ, ಅವಸರದಲ್ಲಿ ನೀನು ಮರೀತಿ. ಹುಲ್ಲು ಬೇರೆ, ವಯರು ಬೇರೆ, ಒಂದೇ ಪೆಟ್ಟಿಗೆಗೆ ಬೇಡ. ಮೊಣಕೈಗೆ ಸುತ್ತಲೂ ಬೇಡ.

ಅಯ್ಯೋ ದೇವರೇ, ಕೇಕು! ನೀನು ಕೇಳಿದ್ದೇ ಅದನ್ನು.

ಬೂಷ್ಟು ಹೌದಾ ಅಲ್ವಾ ಮೊದಲು ನೋಡು. ಮೇಲಿಂದ ಸಕ್ಕರೆಪುಡಿ ಉದುರಿಸಿದ್ರೆ ಅದೂ ಬೆಳ್ಳಗೆ ಕಾಣ್ತದೆ. ಚಮಚದಲ್ಲಿ ಒಂದು ಹನಿ ನೀರು ಬಿಡು, ಕರಗಿದ್ರೆ ಸಕ್ಕರೆ. ಕರಗದೆ ಹತ್ತಿಯ ಹಾಗೆ ನಿಂತ್ರೆ, ಹಸಿರೋ ಬೂದಿಯೋ ಬಣ್ಣ ಕಂಡ್ರೆ ಬೂಷ್ಟು. ಮೂಸಿ ನೋಡ್ಬೇಡ, ಆ ಪುಡಿ ಮೂಗಿಗೆ ಹೋಗ್ತದೆ. ಕೆತ್ತಿ ತಿನ್ಲಿಕ್ಕಿಲ್ಲ ಮಾರಾಯ್ತಿ. ಕೇಕು ಮೆತ್ತಗೆ, ತೂತು ತೂತು. ಅಂಚಿನಲ್ಲಿ ಕಾಣುವುದು ಮೇಲಿನದ್ದು ಮಾತ್ರ, ಅದರ ಎಳೆ ನಡುವಿನ ತನಕ ಇಳಿದಿರ್ತದೆ, ಕಣ್ಣಿಗೆ ಕಾಣುವುದಿಲ್ಲ. ಬಿಸಿ ಮಾಡಿದ್ರೂ ಅದರ ವಿಷ ಹೋಗುವುದಿಲ್ಲ. ಪೂರ್ತಿ ಬಿಸಾಡು, ಅದೇ ಡಬ್ಬಿಯಲ್ಲಿದ್ದ ಉಳಿದ ತುಂಡುಗಳನ್ನೂ.

ಯಾಕೆ ಬಂತು ಅಂದ್ರೆ, ಆರುವ ಮೊದಲೇ ಪ್ಲಾಸ್ಟಿಕ್ ಸುತ್ತಿರ್ತಿ, ಆವಿ ಒಳಗೇ ನೀರಾಯ್ತು. ಇಲ್ಲದಿದ್ರೆ ಒದ್ದೆ ಚೂರಿ. ಬಂದ ನೆಂಟರಿಗೆಲ್ಲ ತೊಳೆದ ಚೂರಿಯನ್ನು ಒರೆಸದೆ ಕೊಯ್ದು ಕೊಟ್ಟದ್ದು ನಾನೇ ನೋಡಿದ್ದೇನೆ. ಬರುವ ವರ್ಷ ಬಟರ್ ಪೇಪರ್ ಸುತ್ತಿ ಡಬ್ಬಿಗೆ ಹಾಕು, ಕೊಯ್ದ ಮೇಲೆ ಫ್ರಿಜ್ಜಿನಲ್ಲಿಡು. ರಮ್ಮಿನಲ್ಲಿ ನೆನೆಸಿದ ಹಣ್ಣಿನದ್ದಾದ್ರೆ ವಾರಗಟ್ಟಲೆ ಬಾಳ್ತದೆ, ಕಿತ್ತಳೆ ರಸದ್ದು ಹಾಗೆ ಬಾಳುವುದಿಲ್ಲ.

ನಾಳೆ ಡಬ್ಬಿಗೆ ಕಲ್‌ಕಲ್ ಹಾಕು. ಮೆತ್ತಗಾಗಿದ್ರೆ ಬಾಣಲೆಯಲ್ಲಿ ಎಣ್ಣೆ ಇಲ್ಲದೆ ಸಣ್ಣ ಉರಿಯಲ್ಲಿ 5 ನಿಮಿಷ ಆಡಿಸು, ಪೂರ್ತಿ ಆರಿದ ಮೇಲೆ ಮುಚ್ಚಳ ಹಾಕು. ಸಕ್ಕರೆ ಪಾಕ ಹಾಕಿದ್ದನ್ನು ಬಿಸಿ ಮಾಡ್ಬೇಡ, ಅಂಟ್ತದೆ. ಕಮಟು ವಾಸನೆ ಬಂದಿದ್ರೆ ಎಷ್ಟು ಹುರಿದ್ರೂ ಸರಿಯಾಗುವುದಿಲ್ಲ, ಎಣ್ಣೆಯೇ ಹಾಳಾಗಿರ್ತದೆ. ನೆವ್ರಿಯಲ್ಲಿ ಹಸಿ ತೆಂಗಿನಕಾಯಿ ಹಾಕಿದ್ದಾ, ಎಳ್ಳು ಕೊಬ್ಬರಿಯಾ? ಹಸಿ ಕಾಯಿಯದ್ದು ಇಷ್ಟೊತ್ತಿಗೆ ಹಾಳಾಗಿರ್ತದೆ, ಕೊಡ್ಬೇಡ.

ಚಿನ್ನುವನ್ನು ಇವತ್ತು 9 ಗಂಟೆಗೆ ಮಲಗಿಸ್ತೇನೆ ಅಂತ ಜಗಳ ಮಾಡ್ಬೇಡ, ಎಂಟು ದಿನ 11ಕ್ಕೆ ಮಲಗಿದ ಮಗು. ಬೆಳಿಗ್ಗೆ ಮಾತ್ರ ಹೊತ್ತಿಗೆ ಸರಿಯಾಗಿ ಎಬ್ಬಿಸು, ಮಧ್ಯಾಹ್ನ ಬಂದು ಮಲಗ್ಲಿಕ್ಕೆ ಬಿಡ್ಬೇಡ, ನಾಲ್ಕು ದಿನದಲ್ಲಿ ತಾನಾಗಿ ದಾರಿಗೆ ಬರ್ತದೆ. ಶೂ ಈಗಲೇ ಹಾಕಿಸಿ ನೋಡು, ನಾಳೆ ವ್ಯಾನ್ ಹಾರ್ನ್ ಹೊಡೆಯುವಾಗ ಅಲ್ಲ.

ಮತ್ತೆ ಆ ಕೇಕಿನ ಡಬ್ಬಿ ಉಂಟಲ್ಲ, ಉರುಟಿನದ್ದು, ತಳದಲ್ಲಿ ನನ್ನ ಹೆಸರು ಕೆತ್ತಿದ್ದು. ಸೋಪು ಹಾಕಿ ಕುದಿಯುವ ನೀರಿನಲ್ಲಿ ತೊಳಿ, ಮುಚ್ಚಳದ ಸಂದಿಯನ್ನು ಹಳೆ ಟೂತ್‌ಬ್ರಶ್ಶಿನಲ್ಲಿ ಉಜ್ಜು, ಒಂದು ದಿನ ಬಿಸಿಲಿಗೆ ಮಗುಚಿ ಹಾಕು. ಆದಿತ್ಯವಾರ ಚರ್ಚಿಗೆ ಬರುವಾಗ ತಗೊಂಡು ಬಾ.