ಶೀಟ್ ರೂಮಿಗೆ ಥರ್ಮಕೋಲ್ ಹೊಡೆಸಿದ್ದೇವೆ, ಮೇಲೆ ಏನೂ ಮುಚ್ಚದೆ ಹಾಗೇ ಬಿಡಬಹುದಾ?

ಟೈಲರಕ್ಕ_ಶ್ರೀನಗರ

ಎಲ್ಲರಿಗೂ ನಮಸ್ಕಾರ. ಶ್ರೀನಗರದಲ್ಲಿ ನಮ್ಮ ಮನೆ. ತಾರಸಿ ಮೇಲೆ ಒಂದು ಶೀಟ್ ರೂಮಿದೆ, ಹತ್ತು ಬೈ ಹದಿನಾಲ್ಕು. ನೀಲಿ ಬಣ್ಣದ ತಗಡು. ಅದೇ ನನ್ನ ಟೈಲರಿಂಗ್ ಅಂಗಡಿ. ಬ್ಲೌಸು, ಸೀರೆ ಫಾಲು, ಕುಚ್ಚು ಎಲ್ಲ ಅಲ್ಲೇ. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಎರಡು ಗಂಟೆ ಮೇಲೆ ಕೂರಲು ಆಗುವುದಿಲ್ಲ. ಕತ್ತರಿ ಹಿಡಿದರೆ ಕೈಗೆ ಬಿಸಿ ತಾಗುತ್ತದೆ. ಬೆಂಗಳೂರು ತಂಪು ಅನ್ನುವವರು ಒಂದು ದಿನ ನನ್ನ ಮಿಷನ್ ಮುಂದೆ ಬಂದು ಕೂರಲಿ.

ಹೋದ ಭಾನುವಾರ ನನ್ನ ಮೈದುನ ಎರಡಿಂಚಿನ ಥರ್ಮಕೋಲ್ ಹಾಳೆಗಳನ್ನು ಆಟೋದಲ್ಲಿ ಹಾಕಿಕೊಂಡು ಬಂದ. ಮೊದಲನೇ ಹಾಳೆಗೆ ಚಪ್ಪಲಿ ಅಂಟಿಸುವ ಹಳದಿ ಗಮ್ ಬಳಿದ. ಅಂಟುವುದಿರಲಿ, ಆ ಗಮ್ಮು ಥರ್ಮಕೋಲನ್ನೇ ತಿಂದುಹಾಕಿತು! ಅಂಗೈ ಅಗಲ ತೂತು. ಆಮೇಲೆ ಗಮ್ ಬಿಟ್ಟು, ಅಡ್ಡ ಪೈಪುಗಳಿಗೆ ಬೈಂಡಿಂಗ್ ವೈರ್ ಸುತ್ತಿ ಹಾಳೆಗಳನ್ನು ಕಟ್ಟಿದ. ಈಗ ತಲೆಯೆತ್ತಿ ನೋಡಿದರೆ ಬೆಳ್ಳಗೆ ಸೀಲಿಂಗ್ ತರಾನೇ ಕಾಣುತ್ತದೆ. ಸುಳ್ಳು ಹೇಳಬಾರದು, ಸೆಕೆ ನಿಜಕ್ಕೂ ಇಳಿದಿದೆ.

ಆದರೆ ಮೊನ್ನೆ ಒಂದು ಚೂರು ಇಸ್ತ್ರಿ ಮೇಜಿನ ಮೇಲೆ ಬಿದ್ದಿತ್ತು. ಪೆಟ್ಟಿಗೆ ಇನ್ನೂ ತಾಗೇ ಇರಲಿಲ್ಲ, ಪಕ್ಕಕ್ಕೆ ಬಂದಿತ್ತಷ್ಟೆ. ಆ ಚೂರು ತನ್ನಷ್ಟಕ್ಕೇ ಮುದುಡಿ ಮುದುಡಿ ಕಡಲೆಬೀಜದಷ್ಟಾಯಿತು. ನಾನು ಸುಮ್ನಿರಬೇಕಲ್ವಾ? ತಾರಸಿಗೆ ಹೋಗಿ ಇನ್ನೊಂದು ಚೂರಿಗೆ ಕಡ್ಡಿ ಗೀರಿದೆ. ಮೊದಲು ಬೆಂಕಿಗೆ ಹೆದರಿದ ಹಾಗೆ ಹಿಂದೆ ಸರಿಯಿತು. ಆಮೇಲೆ ಹತ್ತಿಕೊಂಡಿತು. ಉರಿಯುತ್ತಲೇ ಹನಿ ಹನಿ ಕೆಳಗೆ ಬಿತ್ತು. ಕರಿ ಮಸಿ ಎಳೆ ಎಳೆಯಾಗಿ ಹಾರಿ ಅತ್ತೆ ಒಣಹಾಕಿದ್ದ ಹಪ್ಪಳದ ಮೇಲೆ ಕೂತಿತು. ಬೈಸಿಕೊಂಡದ್ದು ಬೇರೆ ಕಥೆ.

ಆ ರೂಮಿನ ತುಂಬ ಬಟ್ಟೆ. ದಿನಾ ಇಸ್ತ್ರಿ. ಶುಕ್ರವಾರ ಮಿಷನ್‌ಗೆ ದೀಪ, ಸಾಂಬ್ರಾಣಿ. ಫಾಲ್ಸ್ ಸೀಲಿಂಗ್‌ನವರು ಚದರಡಿಗೆ 80 ರೂಪಾಯಿ ಕೇಳಿದರು, ಅಂದರೆ 11,200. ಅಷ್ಟು ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಓವರ್‌ಲಾಕ್ ಮಿಷನ್ ನೋಡಿಟ್ಟಿದ್ದೆ. ಹಾಗೇ ಬಿಟ್ಟರೆ ನಡೆಯುತ್ತಾ? ಇಲ್ಲ ಥರ್ಮಕೋಲ್ ತೆಗೆದು ಗ್ಲಾಸ್ ವುಲ್ (ಗಾಜಿನ ಎಳೆಯ ಹಾಸು) ಹಾಕಿದರೆ ಮುಚ್ಚುವ ಖರ್ಚು ಉಳಿಯುತ್ತಾ?

ಲೇತ್_ಮಿಷನ್

ನಮ್ಮ ಶೆಡ್‌ನಲ್ಲಿ ಐದು ವರ್ಷದಿಂದ ಹೀಗೇ ಇದೆ ಅಕ್ಕ. ಏನೂ ಆಗಿಲ್ಲ. ಇರುವೆ ಮಾತ್ರ ಗೂಡು ಮಾಡಿಕೊಂಡು ದಿನಾ ಬಿಳಿ ಪುಡಿ ಉದುರಿಸುತ್ತವೆ. ಸುಮ್ನೆ ಹೆದರಿಸಿ ಫಾಲ್ಸ್ ಸೀಲಿಂಗ್ ಮಾರುತ್ತಾರೆ.

ಸೀಲಿಂಗ್_ಕೆಲಸ

ಲೇತ್ ಅಣ್ಣ, ಆಗುವ ತನಕ ಎಲ್ಲರಿಗೂ ಏನೂ ಆಗಿರುವುದಿಲ್ಲ. ನಾನು ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಈ ಅಕ್ಕನ ರೂಮಿಗೆ ನಾನು ಬರುವುದಿಲ್ಲ, ಕಮಿಷನ್ನೂ ಇಲ್ಲ, ಹಾಗಾಗಿ ನೇರವಾಗಿ ಹೇಳುತ್ತೇನೆ.

ಥರ್ಮಕೋಲ್ ಮತ್ತು ಫೋಮ್ ಜಾತಿಯ ಯಾವುದನ್ನೂ ಜನ ಕೂರುವ ರೂಮಿನಲ್ಲಿ ತೆರೆದಿಡಬಾರದು. 80 ಡಿಗ್ರಿ ಹತ್ತಿರ ಬಂದರೆ ಥರ್ಮಕೋಲ್ ಮೆತ್ತಗಾಗಲು ಶುರು. ಅಕ್ಕ ತಾರಸಿಯಲ್ಲಿ ನೋಡಿದ್ದು ಸರಿಯಾಗಿದೆ: ಮೇಲೆ ಹತ್ತಿದ ಬೆಂಕಿ ಹನಿಯಾಗಿ ಕೆಳಗಿನ ಬಟ್ಟೆ ಮೇಲೆ ಬೀಳುತ್ತದೆ. ‘ಬೆಂಕಿ ಹಿಡಿಯದ ಥರ್ಮಕೋಲ್’ ಅಂತ ಅಂಗಡಿಯಲ್ಲಿ ಕೊಡುವುದು ಸಣ್ಣ ಕಿಡಿಯನ್ನು ತಡೆದೀತು, ದೊಡ್ಡ ಉರಿಯಲ್ಲಿ ಅದೂ ಕರಗುತ್ತದೆ.

ಫೋಮ್ ಇನ್ನೂ ಕೆಟ್ಟದ್ದು. ಪಾಲಿಯುರೆಥೇನ್ ಅನ್ನುವ ಫೋಮ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಜೊತೆ ಸಯನೈಡ್ ಅನಿಲವೂ ಬರುತ್ತದೆ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ 2003ರಲ್ಲಿ ಒಂದು ನೈಟ್‌ಕ್ಲಬ್ ಹೀಗೇ ಹೋಯಿತು. ಸದ್ದು ಹೊರಗೆ ಹೋಗದಿರಲಿ ಅಂತ ವೇದಿಕೆಯ ಗೋಡೆಗೆ ಫೋಮ್ ಹೊಡೆದಿದ್ದರು. ಪಟಾಕಿಯ ಕಿಡಿ ಬಿತ್ತು, ಆರು ನಿಮಿಷದೊಳಗೆ ಕಟ್ಟಡವೆಲ್ಲ ಉರಿ, 100 ಜನ ಸತ್ತರು. ಬ್ರೆಜಿಲ್‌ನಲ್ಲಿ 2013ರಲ್ಲಿ ಅದೇ ತರ, 242 ಜನ. ನಮ್ಮೂರಲ್ಲೇ 2010ರ ಫೆಬ್ರವರಿಯಲ್ಲಿ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಹೋದರಲ್ಲ, ಅಲ್ಲಿ ಇದ್ದದ್ದು ಫೋಮ್ ಅಲ್ಲ, ವೈರ್ ಹೋಗುವ ಡಕ್ಟ್. ಆದರೆ ಅಲ್ಲೂ ಜನರನ್ನು ಕಂಗೆಡಿಸಿದ್ದು ಹೊಗೆಯೇ. ನಿಮ್ಮದು ತಾರಸಿ ರೂಮು. ಬಾಗಿಲು ಒಂದೇ ಇರಬೇಕು, ಅಲ್ವಾ?

ಮುಚ್ಚುವುದಾದರೆ ಜಿಪ್ಸಂ ಬೋರ್ಡ್, ಅರ್ಧ ಇಂಚಿನದು. ಅಮೆರಿಕದ ಮನೆ ನಿಯಮದಲ್ಲಿ ಫೋಮ್ ಮೇಲೆ ಇದೇ ಅರ್ಧ ಇಂಚು ಕೇಳುತ್ತಾರೆ. ಬೆಂಕಿ ಬಿದ್ದರೂ ಒಂದು ಹದಿನೈದು ನಿಮಿಷ ಹಿಂದಿನ ಫೋಮ್ ಕಾಯದಿರಲಿ, ಅಷ್ಟರಲ್ಲಿ ಜನ ಹೊರಗೆ ಬರಲಿ ಅಂತ. ಜಿಪ್ಸಂನ ತೂಕದಲ್ಲಿ ಐದನೇ ಒಂದು ಭಾಗ ನೀರೇ. ಅದು ಆವಿಯಾಗಿ ಮುಗಿಯುವ ತನಕ ಬಿಸಿ ಆಚೆ ಹೆಚ್ಚು ದಾಟುವುದಿಲ್ಲ. ದುಡ್ಡು ಉಳಿಸಲು ಪಿವಿಸಿ ಪ್ಯಾನೆಲ್ ಹಾಕಿಸಿಕೊಳ್ಳಬೇಡಿ. ನೋಡಲು ಚಂದ, ಬೆಂಕಿಗೆ ಅದು ಮುಚ್ಚಳವೇ ಅಲ್ಲ.

ಇನ್ನೊಂದು ವಿಷಯ. ಫ್ಯಾನಿನ ವೈರ್ ಥರ್ಮಕೋಲ್‌ಗೆ ತಾಗಿಕೊಂಡು ಹೋಗಿದೆಯಾ ನೋಡಿ. ವೈರ್ ಮೇಲಿನ ಪಿವಿಸಿ ಮೆತ್ತಗಿರಲಿ ಅಂತ ಒಂದು ಎಣ್ಣೆಯಂಥ ವಸ್ತು ಸೇರಿಸಿರುತ್ತಾರೆ. ತಾಗಿಕೊಂಡೇ ಇದ್ದರೆ ಥರ್ಮಕೋಲ್ ಅದನ್ನು ಹೀರಿಕೊಳ್ಳುತ್ತದೆ. ವರ್ಷಗಳು ಕಳೆದ ಮೇಲೆ ವೈರ್ ಬಗ್ಗಿಸಿದರೆ ಒಣಗಿದ ನುಗ್ಗೇಕಾಯಿ ಸಿಪ್ಪೆ ತರ ಬಿರಿಯುತ್ತದೆ. ನಾನೇ ಬಿಚ್ಚಿ ನೋಡಿದ್ದೇನೆ. ಪೈಪ್ ಒಳಗೆ ಹಾಕಿಸಿ.

ಟೈಲರಕ್ಕ_ಶ್ರೀನಗರ

ಬಾಗಿಲು ಒಂದೇ ಅಣ್ಣ. ಇಸ್ತ್ರಿ ಮೇಜು ಅದರ ಪಕ್ಕದಲ್ಲೇ ಇದೆ. ಓದಿದ ತಕ್ಷಣ ಮೊದಲು ಮೇಜನ್ನು ಹೊರಗಿನ ಚಪ್ಪರದ ಕೆಳಗೆ ಎಳೆದು ಹಾಕಿದೆ. ವೈರ್ ತಾಗಿಕೊಂಡೇ ಇದೆ, ಮೈದುನ ಅದರ ಮೇಲೇ ಹಾಳೆ ಇಟ್ಟು ಒತ್ತಿ ಕಟ್ಟಿದ್ದಾನೆ. ಗ್ಲಾಸ್ ವುಲ್ ಬಗ್ಗೆ ಯಾರಾದರೂ ಹೇಳಿ.

ಮಾಗಡಿರೋಡ್_ಮಹಡಿ

ನಾನು ಹೇಳುತ್ತೇನೆ, ಅನುಭವಿಸಿದ್ದೇನೆ. ಅದು ಉರಿಯುವುದಿಲ್ಲ ಅನ್ನುವುದು ಬಹುಪಾಲು ನಿಜ. ಗಾಜಿನ ಎಳೆ ಉರಿಯಲ್ಲ, ಎಳೆಗಳನ್ನು ಹಿಡಿದಿಡುವ ಅಂಟು ಸುಡುತ್ತದೆ. ಹಿಂಬದಿ ಕಾಗದ ಇದ್ದರೆ ಅದೂ ಉರಿಯುತ್ತದೆ. ನಾವು ಬರಿ ಗ್ಲಾಸ್ ವುಲ್ ಇಟ್ಟು ಕೋಳಿ ಮೆಶ್ ಹೊಡೆಸಿದ್ದೆವು. ಫ್ಯಾನ್ ಹಾಕಿದರೆ ಸಾಕು, ಕುತ್ತಿಗೆ, ಮೊಣಕೈ ಒಳಗೆಲ್ಲ ನವೆ. ಮಧ್ಯಾಹ್ನ ಕಿಟಕಿ ಬಿಸಿಲಿಗೆ ಗಾಳಿಯಲ್ಲಿ ಮಿಣ ಮಿಣ ಅನ್ನುತ್ತಿತ್ತು. ಮಗನಿಗೆ ಒಣ ಕೆಮ್ಮು. ಕ್ಯಾನ್ಸರ್ ಬರುತ್ತೆ ಅಂತ ಪಕ್ಕದ ಮನೆಯವರು ಹೆದರಿಸಿದರು. ಅದು ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2001ರಲ್ಲೇ ಮನೆಗೆ ಹಾಕುವ ಗ್ಲಾಸ್ ವುಲ್ಲನ್ನು ಅನುಮಾನದ ಪಟ್ಟಿಯಿಂದ ಇಳಿಸಿದೆ. ಕ್ಯಾನ್ಸರ್ ತರುವ ಕಲ್ನಾರೇ (ಆಸ್ಬೆಸ್ಟಾಸ್) ಬೇರೆ, ಇದೇ ಬೇರೆ. ಆದರೆ ನವೆ ನವೆಯೇ. ನಿಮ್ಮದು ಬ್ಲೌಸಿನ ಕೆಲಸ! ಆ ಎಳೆ ಗಿರಾಕಿಯ ಬಟ್ಟೆಗೆ ಸೇರಿದರೆ ಅವರು ಮತ್ತೆ ಬರುತ್ತಾರಾ? ಕೊನೆಗೆ ನಾವೂ ಬೋರ್ಡ್ ಹಾಕಿ ಮುಚ್ಚಿಸಿದೆವು.

ನಿವೃತ್ತ_ಓವರ್ಸಿಯರ್

ತಂಗಿ, ಬಿಸಿಲು ಬೀಳುವುದು ತಗಡಿನ ಮೇಲೆ. ನೀವು ಔಷಧಿ ಹಚ್ಚುತ್ತಿರುವುದು ಕೆಳಗೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿದಾಗ ನಮ್ಮ ಶೀಟಿಗೆ ಬಿಳಿ ಕೂಲ್ ರೂಫ್ ಬಣ್ಣ ಎರಡು ಕೋಟ್ ಹೊಡೆಸಿದೆ. ಮಧ್ಯಾಹ್ನ ಒಳಗಿನಿಂದ ತಗಡು ಮುಟ್ಟಿದರೆ ಕೈ ಸುಡುತ್ತಿದ್ದದ್ದು ನಿಂತಿತು. ತಗಡಿಗೆ ಬರಿ ಸುಣ್ಣ ನಿಲ್ಲುವುದಿಲ್ಲ, ಮೊದಲ ಮಳೆಗೇ ಚರಂಡಿ ಸೇರುತ್ತದೆ. ಯುಗಾದಿಗೆ ಮುಂಚೆ ಒಂದು ಸಲ ಧೂಳು ತೊಳೆಯಿರಿ, ಬಣ್ಣ ಮಾಸಿದರೆ ಕೆಲಸವೂ ಅರ್ಧ. ಗೋಡೆಯ ಮೇಲ್ಭಾಗದಲ್ಲಿ ಎದುರು ಬದುರು ಎರಡು ಜಾಲರಿ ಕಿಂಡಿ ಬಿಡಿಸಿ, ಕಾದ ಗಾಳಿ ಹೊರಗೆ ಹೋಗಲಿ. ನಮ್ಮ ತಂದೆ ಇದೆಲ್ಲ ಇಲ್ಲದೆ ಶೀಟಿನ ಮೇಲೆ ಸೋರೆ ಬಳ್ಳಿ ಹಬ್ಬಿಸುತ್ತಿದ್ದರು. ತಂಪೂ ಆಯಿತು, ಸಾರಿಗೂ ಆಯಿತು.

ಸೀಲಿಂಗ್_ಕೆಲಸ

ಓವರ್ಸಿಯರ್ ಸರ್ ಹೇಳಿದ್ದು ನನ್ನ ಹೊಟ್ಟೆ ಮೇಲೆ ಹೊಡೆದ ಹಾಗೆ, ಆದರೆ ಸರಿ. ಅಕ್ಕ, ದುಡ್ಡು ಕಡಿಮೆ ಇದ್ದರೆ ಥರ್ಮಕೋಲ್ ಇಳಿಸಿ, ಮೇಲೆ ಬಿಳಿ ಬಣ್ಣ ಹೊಡೆಸಿ. ಸೀಲಿಂಗ್ ಮುಂದಿನ ವರ್ಷ ನೋಡಿಕೊಳ್ಳಿ. ಇಳಿಸಿದ ಹಾಳೆಗಳನ್ನು ಮೆಟ್ಟಿಲ ಕೆಳಗೆ ಮಾತ್ರ ಪೇರಿಸಬೇಡಿ. ಇಳಿಯುವ ದಾರಿ ಅದೊಂದೇ.

ಟೈಲರಕ್ಕ_ಶ್ರೀನಗರ

ಇವತ್ತು ನಾನೂ ನಮ್ಮನೆಯವರೂ ಸೇರಿ ಎಲ್ಲ ಬಿಚ್ಚಿದೆವು. ಬಣ್ಣದವನು ಬುಧವಾರ ಬರುತ್ತಾನೆ. ಮೈದುನ ಎರಡು ದಿನದಿಂದ ಮಾತಾಡುತ್ತಿಲ್ಲ, ಒಂದು ಭಾನುವಾರ ಹಾಳಾಯಿತಂತೆ. ಓವರ್‌ಲಾಕ್ ಮಿಷನ್‌ಗೆ ಅಡ್ವಾನ್ಸ್ ಕೊಟ್ಟು ಬಂದೆ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಮುಂದಿನ ವಾರ ನಮ್ಮ ಬೀದಿಯಲ್ಲಿ ಅಣ್ಣಮ್ಮನನ್ನು ಕೂರಿಸುತ್ತಾರೆ. ಹುಡುಗರು ಮಂಟಪದ ಅಲಂಕಾರಕ್ಕೆ ಆ ಹಾಳೆಗಳನ್ನು ಕೇಳುತ್ತಿದ್ದಾರೆ. ಕೊಟ್ಟುಬಿಡಲಾ?

ಸೀಲಿಂಗ್_ಕೆಲಸ

ಅಲ್ಲೂ ಆರತಿ ಎತ್ತುತ್ತಾರೆ ಅಕ್ಕ.